ಬದಿಯಲ್ಲಿ ಸಹಿ

ಮಂಜೇಶ್ವರದ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು
ಗೋಳಿಮರದ ಬುಡದಲ್ಲಿ ನನ್ನ ಮೇಜು.
ಕನ್ನಡದ ಹಳೆ ಆಧಾರಗಳನ್ನು ಮಲಯಾಳಕ್ಕೆ ದಾಟಿಸುವುದು ಕಸುಬು.
ಮೂವತ್ತೊಂದು ವರ್ಷ. ಸೆಂಟಿಗೆ ಸೆಂಟು, ತೋಡಿಗೆ ತೋಡು,
ಮೂಡು ಇದ್ದಲ್ಲಿ ಮೂಡೇ.
ತಪ್ಪಿದ ಪದವನ್ನು ಉಜ್ಜಿ ಅಳಿಸುವಂತಿಲ್ಲ,
ಅಡ್ಡಗೆರೆ ಎಳೆದು ಬದಿಯಲ್ಲಿ ಸಹಿ ಹಾಕಬೇಕು.
ಓದುವವನಿಗೆ ತಪ್ಪೂ ಕಾಣಬೇಕು, ತಿದ್ದಿದವನೂ ಕಾಣಬೇಕು.

ಆಟಿ ತಿಂಗಳ ಒಂದು ರಾತ್ರಿ
ಕಾಸರಗೋಡಿನ ಆಸ್ಪತ್ರೆಯಿಂದ ಫೋನು:
ಕಾರ್ಮಿನ್ ಬಾಯಿಗೆ ಪಾದ್ರಿ ಬೇಕಂತೆ, ಈಗಲೇ.
ನಮ್ಮ ವಿಗಾರರು ಧ್ಯಾನಕೂಟಕ್ಕೆಂದು ಮಂಗಳೂರಿಗೆ ಹೋಗಿದ್ದರು.
ಬಂದವರು ಹೊಸದುರ್ಗದ ಕಡೆಯ ಎಳೆಯ ಅಚ್ಚನ್,
ಕೊಂಕಣಿ ಬಾರದು, ಕನ್ನಡವೂ ಬಾರದು.
ಈಕೆಗೋ ಮಲಯಾಳವೆಂದರೆ ಮೀನಿನ ಕ್ರಯ ಕೇಳುವಷ್ಟು.
"ಆಧಾರ ಬರೆಯುವ ಫೆಲ್ಸಿಯನ್ ಇದ್ದಾನಲ್ಲ" ಎಂದು
ಅವರೇ ನೆನಪು ಮಾಡಿದ್ದಂತೆ.

ಪಾಪನಿವೇದನೆಗೆ ದುಭಾಷಿ ಕೂರಬಹುದು, ಅಚ್ಚನ್ ಹೇಳಿದರು,
ಕೂತವನ ಬಾಯಿಗೂ ನನ್ನ ಬಾಯಿಯದೇ ಬೀಗ.
ಆಗಲಿ ಎಂದೆ.
ಸಹಿ ಕೇಳಲಿಲ್ಲ, ಸಾಕ್ಷಿ ಕೇಳಲಿಲ್ಲ.
ಅದೇ ನನಗೆ ಹೆದರಿಕೆ.

ಅವರು ಹೇಳಿದ್ದು ಇಲ್ಲಿ ಬರಬೇಕಿತ್ತು.
ಬರುವುದಿಲ್ಲ.

ಒಂದು ಶಬ್ದದ ಸಂಗತಿ ಮಾತ್ರ, ಶಬ್ದ ಬಿಟ್ಟು.
ಅದಕ್ಕೆ ಮಲಯಾಳದಲ್ಲಿ ಎರಡುಂಟು:
ಒಂದು, ಮದುವೆ ಕಾಗದದಲ್ಲೂ ನಡೆಯುವಂಥದು,
ಇನ್ನೊಂದು ಪೊಲೀಸು ಠಾಣೆಯದು.
ಸಾಯುವ ಜೀವ, ಪಾಪ, ಎಂದು
ಮೆತ್ತಗಿನದನ್ನೇ ಎತ್ತಿ ಇಟ್ಟೆ.
ಸೂಜಿ ಚುಚ್ಚಿದ ಕೈಯ ಒಂದು ಬೆರಳೆತ್ತಿ
"ನ್ಹಯ್" ಅಂದರು ಕಾರ್ಮಿನ್ ಬಾಯಿ.
ಮೀನು ಮಾರ್ಕೆಟ್ಟಿನ ಜಗಳಗಳಲ್ಲಿ
ಆ ಇನ್ನೊಂದನ್ನು ಕೇಳಿ ಬಲ್ಲವರು.
ನಲವತ್ತು ವರ್ಷ ಹೊತ್ತದ್ದನ್ನು
ದಾರಿಯಲ್ಲಿ ಯಾರೋ ಹಗುರ ಮಾಡಿದರೆ
ಇಳಿಸಿದ ಹಾಗಾಗುತ್ತದೆಯೇ?
ಅಚ್ಚನ್, ತಪ್ಪಿದೆ, ಎಂದು
ಠಾಣೆಯ ಶಬ್ದವನ್ನೇ ಹೇಳಿದೆ.

ನಡುವೆ ಒಂದು ಹೆಸರೂ ಬಂತು. ಹೆಸರಿಗೆ ಅನುವಾದ ಬೇಡ,
(ಈ ಸಾಲನ್ನು ಹೊಡೆದುಹಾಕಲಾಗಿದೆ. ಫೆ. ಮೊ.)

ಹೊರಗೆ ನೀರಿನ ಫಿಲ್ಟರಿನ ಹತ್ತಿರ ಸೊಸೆ ಜೆಸಿಂತಾ:
"ಎಂತ ಹೇಳಿದ್ರು ಮಾಂಯ್?"
ನೀರು ಬೇಕಂತೆ, ಎಂದೆ.
ಸುಳ್ಳಲ್ಲ, ಕೊನೆಗೆ ಕೇಳಿದ್ದು ಅದನ್ನೇ.
ಆದರೆ ಆ ಲೋಟದ ಹಿಂದೆ ನಾನು ಅಡಗಿದ್ದು ಅವಳಿಗೆ ಕಂಡಿತು.
ಮತ್ತೆ ಕೇಳಿದಳು. ಹೇಳಲಾರೆ, ಎಂದೆ.
ನಿದ್ದೆಯಲ್ಲಿದ್ದರು ಎನ್ನಬಹುದಿತ್ತು.
ನಿನ್ನ ಹೆಸರೆತ್ತಿ ಹರಸಿದರು ಎಂದಿದ್ದರೆ
ಅತ್ತು ಹಗುರಾಗುತ್ತಿದ್ದಳೋ ಏನೋ.
ಈಗ ಭಾನುವಾರ ಆ ಮನೆಯವರ ಬೆಂಚು ಬದಲಾಗಿದೆ.
ಸಮಾಧಾನದ ಕೈ ಕೊಡುವ ಹೊತ್ತಿಗೆ ಸರಿಯಾಗಿ
ಜೆಸಿಂತಾ ಬೆಂಚಿನಡಿ ಕೊಡೆ ಹುಡುಕುತ್ತಾಳೆ.

ಸಿಕ್ಕಿಬಿದ್ದ ಹೆಂಗಸನ್ನು ನಡುವೆ ನಿಲ್ಲಿಸಿ
ಎಲ್ಲರೂ ಕಲ್ಲು ಹಿಡಿದಿದ್ದಾಗ
ಅವನು ಬಾಗಿ ಮಣ್ಣಿನಲ್ಲಿ ಬೆರಳಿಂದ ಬರೆದನಲ್ಲ,
ನನ್ನ ಕಸುಬಿನವನಿಗೆ ಅದೇ ಸೋಜಿಗ:
ಅಷ್ಟು ಜನ ಸಾಕ್ಷಿ, ಒಂದು ಪ್ರತಿಯೂ ಇಲ್ಲ.
ನಿಂತು ಹೇಳಿದ ಮಾತು ಉಳಿದಿದೆ,
ಬಾಗಿ ಬರೆದದ್ದನ್ನು ಗಾಳಿ ಓದಿಕೊಂಡು ಹೋಯಿತು.
ಎರಡೂ ಅವನವೇ.

ನಿನ್ನೆ ರಾತ್ರಿ ಬೂತಾಯಿ ಸಾರು ಬಡಿಸುತ್ತ ಎಮಿಲ್ಡಾ
"ನನ್ನ ಹತ್ರವೂ ಹೇಳುವುದಿಲ್ಲ ಅಲ್ವಾ?" ಅಂದಳು.
ಇಲ್ಲ, ಎಂದೆ.
ಸೌಟು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು.
"ಇದನ್ನಾದರೂ ಸರಿಯಾಗಿ ಹೇಳಿ, ಉಪ್ಪು?"
ಒಂದು ಕಲ್ಲು ಜಾಸ್ತಿ, ಎಂದೆ.

ಮಾತಾಡದೆ
ತಟ್ಟೆಗೆ ಇನ್ನಷ್ಟು ಅನ್ನ ಹಾಕಿದಳು.